ನೋವಿನ ಗ್ರಾಹಿಗಳು: ಸಂಶೋಧನೆಯ ಇತಿಹಾಸ

ಬೆಂಕಿ ತಾಗಿದರೂ ಉರಿ, ಮೆಣಸಿನಕಾಯಿ ಕಚ್ಚಿದರೂ ಉರಿ. ಕನ್ನಡ ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದೆ. ಎರಡೂ ಒಂದೇ ಬಾಗಿಲಿನಿಂದ ನರವನ್ನು ಹೊಗುತ್ತವೆ ಎಂದು ಪ್ರಯೋಗಾಲಯದಲ್ಲಿ ಖಚಿತವಾದದ್ದು 1997ರಲ್ಲಿ. ನೋವಿನ ಗ್ರಾಹಿಗಳೆಂದರೆ ಸಂವೇದನಾ ನರಗಳ ತುದಿಯ ಪೊರೆಯಲ್ಲಿ ನೆಲೆಸಿರುವ ಪ್ರೋಟೀನುಗಳು. ಸುಡುವ ಶಾಖವೋ ಆಮ್ಲವೋ ಕಟುವಾದ ರಾಸಾಯನಿಕವೋ ಎದುರಾದಾಗ ಇವು ತೆರೆದುಕೊಂಡು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಒಳಗೆ ಬಿಡುತ್ತವೆ. ಅದರಿಂದ ಹುಟ್ಟಿದ ವಿದ್ಯುತ್ ಸಂಕೇತ ಬೆನ್ನುಹುರಿಯ ಮೂಲಕ ಮಿದುಳು ಮುಟ್ಟುತ್ತದೆ.

ಅಪಾಯವನ್ನು ಗುರುತಿಸಲೆಂದೇ ಮೀಸಲಾದ ನರತುದಿಗಳಿಗೆ 20ನೇ ಶತಮಾನದ ಆರಂಭದಲ್ಲಿ 'ನೋಸಿಸೆಪ್ಟರ್' ಎಂದು ಹೆಸರಿಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ಆದರೆ ಗ್ರಾಹಿಗಳ ಕಥೆಯನ್ನು ಹಂಗೇರಿಯಿಂದ ಎಣಿಸುವುದೇ ನ್ಯಾಯ. ಮೆಣಸಿನಕಾಯಿಯ ಖಾರದ ಅಂಶಕ್ಕೆ 1876ರಲ್ಲಿ ಜಾನ್ ಥ್ರೆಶ್ 'ಕ್ಯಾಪ್ಸೈಸಿನ್' ಎಂಬ ಹೆಸರು ಕೊಟ್ಟಿದ್ದರು. 1940ರ ದಶಕದಲ್ಲಿ ಹಂಗೇರಿಯ ಮಿಕ್ಲೋಶ್ ಯಾಂಚೋ ಅದನ್ನು ಪ್ರಾಣಿಗಳಿಗೆ ಮತ್ತೆ ಮತ್ತೆ ಕೊಟ್ಟು ನೋಡಿದರು. ಮೊದಮೊದಲು ತಾಳಲಾರದ ಉರಿ. ಕೊನೆಗೆ ಕ್ಯಾಪ್ಸೈಸಿನ್ನಿಗೆ ಮಾತ್ರವಲ್ಲ, ಸಾಸಿವೆ ಎಣ್ಣೆಯ ಘಾಟಿಗೂ ಆ ಪ್ರಾಣಿಗಳು ಜಗ್ಗಲಿಲ್ಲ. ಒಂದು ವಸ್ತುವಿನಿಂದ ಜಡವಾದ ನರ ಇನ್ನೊಂದಕ್ಕೂ ಏಕೆ ಜಡವಾಯಿತು? ಈ ಪ್ರಶ್ನೆ ಅರ್ಧ ಶತಮಾನಕ್ಕೂ ಮೀರಿ ಕಾಯಬೇಕಾಯಿತು.

ಉತ್ತರದ ಮೊದಲ ಭಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯಲ್ಲಿ ಸಿಕ್ಕಿತು. ಡೇವಿಡ್ ಜೂಲಿಯಸ್, ಮೈಕೆಲ್ ಕ್ಯಾಟರಿನಾ ಮತ್ತು ಸಂಗಡಿಗರು ಸಂವೇದನಾ ನರಕೋಶಗಳಲ್ಲಿ ಕೆಲಸ ಮಾಡುವ ಸಾವಿರಾರು ವಂಶವಾಹಿಗಳನ್ನು ಕಂತೆಕಂತೆಯಾಗಿ, ಖಾರವೇ ತಿಳಿಯದ ಬೇರೆ ಜೀವಕೋಶಗಳಿಗೆ ಸೇರಿಸಿದರು. ಮೇಲೆ ಕ್ಯಾಪ್ಸೈಸಿನ್ ಹನಿಸಿ, ಯಾವ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ಕಾದು ನೋಡಿದರು. ಒಂದು ಕಂತೆಯಲ್ಲಿ ಕೆಲವೇ ಕೋಶಗಳು ಹೊಳೆದವು. ಆ ಕಂತೆಯನ್ನು ಒಡೆಯುತ್ತ ಒಡೆಯುತ್ತ ಒಂದೇ ವಂಶವಾಹಿಗೆ ತಲುಪಿದರು. ಅದರ ಪ್ರೋಟೀನೇ ಇಂದಿನ ಟಿಆರ್‌ಪಿವಿ1. ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ಅದು ತೆರೆಯುತ್ತಿತ್ತು. ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು, ಸ್ಪರ್ಶದ ಗ್ರಾಹಿಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಜೊತೆ ಹಂಚಿಕೊಂಡರು.

ಈ 43 ಡಿಗ್ರಿ ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಸುಟ್ಟ ಬೆರಳಿಗೆ ಉಗುರುಬೆಚ್ಚನೆಯ ನೀರು ಬಿದ್ದರೂ ಚುರ್ರೆನ್ನುತ್ತದೆಯಲ್ಲ, ಅದರ ಕಾರಣ ಇಲ್ಲಿದೆ. ಗಾಯವಾದ ಜಾಗದಲ್ಲಿ ಆಮ್ಲೀಯತೆ ಹೆಚ್ಚುತ್ತದೆ; ಆಮ್ಲ ಕೂಡಿದರೆ ಟಿಆರ್‌ಪಿವಿ1 ಇನ್ನೂ ಕಡಿಮೆ ಶಾಖಕ್ಕೇ ಬಾಗಿಲು ತೆರೆಯುತ್ತದೆ. ಗಾಯದಲ್ಲಿ ಒಸರುವ ಬ್ರಾಡಿಕೈನಿನ್, ನರ ಬೆಳವಣಿಗೆಯ ಅಂಶ ಇವುಗಳಿಗೆ ಅದೇ ನರದಲ್ಲಿ ಬೇರೆ ಗ್ರಾಹಿಗಳಿವೆ. ಅವು ಚುರುಕಾದಾಗ ಕೋಶದ ಒಳಗಿನಿಂದಲೇ ಟಿಆರ್‌ಪಿವಿ1ರ ಬಿಗಿ ಸಡಿಲಿಸುತ್ತವೆ. ನೋವು ಒಬ್ಬಂಟಿ ಗ್ರಾಹಿಯ ಕೆಲಸ ಎಂಬ ಕಲ್ಪನೆ ಇಲ್ಲಿಗೆ ಬಿದ್ದುಹೋಯಿತು.

ಸಾಸಿವೆಯ ಒಗಟೂ ಬಿಡಿಸಿಕೊಂಡಿತು. ಅದರ ಘಾಟನ್ನೂ ಹಸಿ ಬೆಳ್ಳುಳ್ಳಿಯ ಉರಿಯನ್ನೂ ಹಿಡಿಯುವ ಟಿಆರ್‌ಪಿಎ1 ಎಂಬ ಇನ್ನೊಂದು ಗ್ರಾಹಿ, 2003ರ ನಂತರದ ಅಧ್ಯಯನಗಳಲ್ಲಿ, ಟಿಆರ್‌ಪಿವಿ1 ಇರುವ ನರಗಳಲ್ಲೇ ಸಿಕ್ಕಿತು. ಯಾಂಚೋ ಜಡಗೊಳಿಸಿದ್ದು ಇಡೀ ನರತುದಿಯನ್ನು. ಎರಡೂ ಬರಿಯ ನೆರೆಮನೆಯವರಲ್ಲ, ಒಂದಕ್ಕೊಂದು ತಳಕು ಹಾಕಿಕೊಂಡಿರುತ್ತವೆ. ಹಾಗಿರುವಾಗ ಟಿಆರ್‌ಪಿವಿ1 ಜೊತೆಗಾರನನ್ನು ಹತೋಟಿಯಲ್ಲಿಡುತ್ತದೆ. 2015ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶಿನ್‌ಝೊಂಗ್ ಡಾಂಗ್ ಅವರ ತಂಡ, ಟಿಎಂಇಎಂ100 ಎಂಬ ಪ್ರೋಟೀನ್ ಈ ತಳಕನ್ನು ಸಡಿಲಿಸಿ ಟಿಆರ್‌ಪಿಎ1ರ ಚಟುವಟಿಕೆ ಏರಿಸುತ್ತದೆಂದು ಇಲಿಗಳಲ್ಲಿ ತೋರಿಸಿತು.

ಟಿಆರ್‌ಪಿವಿ1 ಇಲ್ಲದಂತೆ ಮಾಡಿದ ಇಲಿಗಳಿಗೂ ಸುಡುವುದು ತಿಳಿಯುತ್ತಿತ್ತು. 2018ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಟಿಆರ್‌ಪಿವಿ1, ಟಿಆರ್‌ಪಿಎ1, ಟಿಆರ್‌ಪಿಎಂ3 ಮೂರನ್ನೂ ಒಟ್ಟಿಗೆ ತೆಗೆದ ಮೇಲಷ್ಟೇ ಇಲಿಗಳು ಸುಡುವ ಶಾಖದಿಂದ ಹಿಂದೆಗೆಯುವುದನ್ನು ಬಿಟ್ಟವು. ಮೂರರಲ್ಲಿ ಒಂದು ಉಳಿದರೂ ಸಾಕಿತ್ತು.

ಔಷಧಿಯ ದಾರಿ ಸುಲಭವಾಗಲಿಲ್ಲ. ಟಿಆರ್‌ಪಿವಿ1 ಮುಚ್ಚುವ ಒಂದು ಮದ್ದನ್ನು ಹಲ್ಲು ಕೀಳಿಸಿಕೊಂಡವರ ಮೇಲೆ ಪರೀಕ್ಷಿಸಿದಾಗ ಮೈ ಬಿಸಿ 40 ಡಿಗ್ರಿ ದಾಟಿತೆಂದು 2008ರಲ್ಲಿ ವರದಿಯಾಯಿತು. ಅದೇ ಗ್ರಾಹಿ ದೇಹದ ತಾಪವನ್ನೂ ನೋಡಿಕೊಳ್ಳುತ್ತದೆ. ಕೈಗೂಡಿದ್ದು ಯಾಂಚೋ ತೋರಿದ ಹಾದಿ. ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ನೋವಿಗೆ ಶೇಕಡಾ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ವೈದ್ಯರ ನಿಗಾದಲ್ಲಿ ಒಂದು ಗಂಟೆ ಚರ್ಮಕ್ಕೆ ಅಂಟಿಸಿ ತೆಗೆದರೆ, ಅಲ್ಲಿನ ನರತುದಿಗಳು ಹಲವು ವಾರ ಸುಮ್ಮನಿರುತ್ತವೆ.