ಉಡುಪಿ ಹೋಟೆಲಿನ ಉಪಚಾರ

ಹೋಟೆಲುಗಳು ಊರೂರಿಗೆ ಹಬ್ಬುವುದಕ್ಕೆ ಮೊದಲು, ಓದಿಗೆಂದೋ ಕೋರ್ಟು ಕಚೇರಿಗಳ ಕಾರ್ಯಕ್ಕೆಂದೋ ಪಟ್ಟಣಕ್ಕೆ ಬಂದವನು ಹಸಿವಾದಾಗ ಬಂಧುಗಳ ಮನೆಯನ್ನೋ ಛತ್ರವನ್ನೋ ಮಠವನ್ನೋ ಆಶ್ರಯಿಸಬೇಕಾಗಿತ್ತು. ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯೆಂದು ಏಳು ಮನೆಗಳ ಅನ್ನವನ್ನುಂಡು ವಿದ್ಯಾವಂತರಾದ ಮಹನೀಯರು ನಮ್ಮ ನಾಡಿನಲ್ಲಿ ಅನೇಕರು. ಆ ಅನ್ನವನ್ನಿಕ್ಕಿದ ಗೃಹಿಣಿಯರ ಔದಾರ್ಯವು ಸ್ಮರಣೀಯವೇ ಸರಿ. ಆದರೂ ಉಣ್ಣುವವನ ತಲೆಯ ಮೇಲೆ ಪ್ರತಿದಿನವೂ ಒಂದು ಋಣಭಾರವು ಕುಳಿತಿದ್ದು, ಹಸಿವಿದ್ದರೂ ಇನ್ನೊಂದು ಹಿಡಿ ಅನ್ನವನ್ನು ಕೇಳಲು ಅವನಿಗೆ ನಾಲಗೆ ಏಳುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಉಡುಪಿ ಸೀಮೆಯ ಹೋಟೆಲಿನವರು ಮಾಡಿದ ಮಹದುಪಕಾರವೆಂದರೆ, ಮನೆಯೂಟದ ಶುಚಿರುಚಿಗಳನ್ನು ಉಳಿಸಿಕೊಂಡು ಈ ಸಂಕೋಚವೊಂದನ್ನು ಕಳೆದದ್ದು.

ಈ ಕೌಶಲವು ಆಕಸ್ಮಿಕವಾಗಿ ಒದಗಿದುದಲ್ಲ. ಉಡುಪಿಯ ಕೃಷ್ಣನನ್ನು ಅನ್ನಬ್ರಹ್ಮನೆಂದು ಕರೆಯುವ ರೂಢಿಯುಂಟು. ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಗಳದನ್ನಾಗಿ ಮಾರ್ಪಡಿಸಿದಂದಿನಿಂದ, ಅಷ್ಟಮಠಗಳಲ್ಲಿ ಸರದಿ ಬಂದ ಮಠವು ಅಷ್ಟು ಕಾಲವೂ ಪೂಜೆಯೊಡನೆ ಅನ್ನಸಂತರ್ಪಣೆಯ ಹೊಣೆಯನ್ನು ಹೊರುತ್ತ ಬಂದಿದೆ. ದೊಡ್ಡ ಸಂಖ್ಯೆಯ ಜನಕ್ಕೆ ಹೊತ್ತಿಗೆ ಸರಿಯಾಗಿ ಅಟ್ಟು, ಯಾರ ಎಲೆಯಲ್ಲಿ ಏನು ಮುಗಿಯುತ್ತಿದೆಯೆಂಬುದನ್ನು ಕಣ್ಣಳತೆಯಿಂದಲೇ ಅರಿತು ಬಡಿಸುವ ವಿದ್ಯೆ ಆ ಸೀಮೆಯ ಅಡಿಗೆಯವರಿಗೆ ಕರಗತವಾಗಿತ್ತು. ಆದರೆ ಅವರನ್ನು ಊರು ಬಿಡಿಸಿದ್ದು ವಿದ್ಯೆಯಲ್ಲ, ಬಡತನ. ತುಂಬಿದ ಸಂಸಾರ, ತುಂಡು ಭೂಮಿ, ಪೌರೋಹಿತ್ಯದ ಅಲ್ಪ ವರಮಾನ ಇವುಗಳಿಂದ ಮೊದಲೇ ಬಳಲಿದ್ದ ದಕ್ಷಿಣ ಕನ್ನಡದ ಮೇಲೆ 1923ರ ಮಹಾಪ್ರವಾಹವೂ ಬಂದೆರಗಲು, ಮದರಾಸು, ಮುಂಬಯಿ, ಬೆಂಗಳೂರುಗಳ ದಾರಿ ಹಿಡಿದ ತರುಣರು ಹೆಚ್ಚಿದರು. ಪಾರಂಪಳ್ಳಿಯ ಮಯ್ಯ ಸೋದರರು ಬೆಂಗಳೂರಿನಲ್ಲಿ 1924ರಲ್ಲಿ ತೆರೆದ ಬ್ರಾಹ್ಮಣರ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಬೋರ್ಡಿಂಗು 1942ರಲ್ಲಿಯೂ, ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನವು 1943ರಲ್ಲಿಯೂ ಆರಂಭವಾದುವು.

ಈ ಹೋಟೆಲುಗಳ ಉಪಚಾರದ ಕ್ರಮವನ್ನು ಸಾವಧಾನವಾಗಿ ನೋಡತಕ್ಕುದು. ಗಿರಾಕಿಯು ಕುಳಿತೊಡನೆ, ಅವನು ಬಾಯಿ ತೆರೆಯುವುದಕ್ಕೆ ಮೊದಲೇ, ಮುಂದೆ ನೀರಿನ ಲೋಟ ಬರುತ್ತಿತ್ತು. ಏನಿದೆಯೆಂದು ಕೇಳಿದರೆ ಮಾಣಿಯು ಇಡ್ಲಿಯಿಂದ ಹಿಡಿದು ಕಾಫಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದನು. ಬೆಲೆಯನ್ನು ಕೇಳಲು ನಾಚುವವರಿಗಾಗಿ ಗೋಡೆಯ ಮೇಲೆ ದರಪಟ್ಟಿ ತೂಗುತ್ತಿತ್ತು. ಚಟ್ನಿ, ಸಾಂಬಾರುಗಳನ್ನು ಎರಡನೆಯ ಸಲ ಹಾಕಿಸಿಕೊಂಡರೆ ಲೆಕ್ಕವಿಲ್ಲ. ಬಂದವನ ಗುರುತು ಪರಿಚಯಗಳಿಲ್ಲದಿದ್ದರೂ ತಿಂಡಿ ಮೊದಲು, ಹಣ ಆಮೇಲೆ. ಅವನು ಕೈ ತೊಳೆದು ಗಲ್ಲಾಪೆಟ್ಟಿಗೆಯ ಕಡೆಗೆ ನಡೆಯುತ್ತಿರಲು, ಅವನ ಬಾಬ್ತು ಎಷ್ಟಾಯಿತೆಂದು ಮಾಣಿಯು ಒಳಗಿನಿಂದ ಕೂಗಿ ಹೇಳುವನು, ಯಜಮಾನನು ಅಷ್ಟನ್ನೇ ತೆಗೆದುಕೊಳ್ಳುವನು. ಸಹಸ್ರಾರು ಅಪರಿಚಿತರ ನಡುವೆ ನಡೆಯುವ ವ್ಯಾಪಾರವೊಂದು ದಿನದಿನವೂ ಇಷ್ಟು ನಂಬಿಕೆಯ ಮೇಲೆ ನಿಂತದ್ದು ನನಗೆ ಇಂದಿಗೂ ವಿಸ್ಮಯದ ಸಂಗತಿಯಾಗಿಯೇ ತೋರುತ್ತದೆ. ಗಲ್ಲೆಯಲ್ಲಿ ಕುಳಿತವನು ಹಲವೆಡೆ ತಾನೂ ಒಂದು ಕಾಲದಲ್ಲಿ ಎಂಜಲು ತಟ್ಟೆಗಳನ್ನೆತ್ತಿ, ಮೇಜೊರಸಿ, ಅಲ್ಲಿಂದ ಬಡಿಸುವ ಕೆಲಸಕ್ಕೆ ಏರಿ ಬಂದವನೇ ಆಗಿರುತ್ತಿದ್ದುದರಿಂದ, ಯಾವ ಮೇಜಿನವನು ಎಷ್ಟು ಹೊತ್ತಿನಿಂದ ಕಾದಿದ್ದಾನೆಂಬುದು ಅವನ ಕಣ್ಣಿಗೆ ತಪ್ಪುತ್ತಿರಲಿಲ್ಲ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಸ್ಥಾಪಿಸಿದ ಕಡಂದಲೆಯ ಕೃಷ್ಣರಾಯರು ಅಡಿಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು.

ಆದರೆ ಈ ಉಪಚಾರವು ಯಾರಿಗೆ ಸಲ್ಲುತ್ತಿತ್ತೆಂಬುದನ್ನು ಮುಚ್ಚಿಟ್ಟು ಇದರ ಚರಿತ್ರೆಯನ್ನು ಬರೆಯಲಾಗದು. ಹೋಟೆಲಿನ ಅನ್ನವೆಂದರೆ ಮೈಲಿಗೆಯೆಂದು ಹಿರಿಯರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಅಡಿಗೆಯವನು ಬ್ರಾಹ್ಮಣನೆಂಬ ಆಶ್ವಾಸನೆಯೇ ವ್ಯಾಪಾರದ ಮೂಲಧನವಾಗಿತ್ತು. ಅದರೊಡನೆ ಬ್ರಾಹ್ಮಣರಿಗೆ ಪ್ರತ್ಯೇಕ ಕೊಠಡಿಗಳೂ ಹಲವೆಡೆ ಬಂದುವು, ಅಸ್ಪೃಶ್ಯರೆನಿಸಿಕೊಂಡವರು ಒಳಗೆ ಕಾಲಿಡುವಂತೆಯೇ ಇರಲಿಲ್ಲ. ಹಣವನ್ನು ಕೈಯಲ್ಲಿ ಹಿಡಿದು ಬಂದ ಹಸಿದ ಮನುಷ್ಯನನ್ನು ಬಾಗಿಲಲ್ಲಿ ತಡೆದ ಆ ಅನ್ಯಾಯಕ್ಕೆ ಕಾಲಧರ್ಮವೆಂಬ ಸಮಾಧಾನವು ನನಗೆ ಸಾಲದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರಗೃಹಗಳ ಪ್ರವೇಶಕ್ಕೆ ಜಾತಿಯ ಅಡ್ಡಿಯನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧ ಕಾಯಿದೆಯು ಅಂಥ ತಡೆಯನ್ನು ಶಿಕ್ಷಾರ್ಹವಾಗಿಸಿತು. ಕಾಯಿದೆಯನ್ನು ಅನುಸರಿಸಿ ಮನಸ್ಸುಗಳು ಬದಲಾಗುವುದಕ್ಕೆ ಇನ್ನಷ್ಟು ಕಾಲ ಬೇಕಾಯಿತು.

ಇದೇ ದಶಕದ ಇನ್ನೊಂದು ಸಂಗತಿಯನ್ನು ಇದರೊಡನೆ ಇಟ್ಟು ನೋಡಬೇಕು. ಮಾವಳ್ಳಿಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಕೈಗೊಂಡು, ಅಲ್ಲಿಯ ಉಪಾಹಾರಗೃಹಗಳ ನೈರ್ಮಲ್ಯವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಿಂದ ಶುದ್ಧಿಗೊಳಿಸುವ ವ್ಯವಸ್ಥೆಯನ್ನು ಆಚರಣೆಗೆ ತಂದರು. ಲಾಲ್‌ಬಾಗ್ ರಸ್ತೆಯ ಅವರ ಹೋಟೆಲಿನಲ್ಲಿ ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ಕಂಡೇ ಊಟದ ಕೋಣೆಗೆ ಹೋಗುವ ಪದ್ಧತಿಯೂ ಬಂದಿತು. ಪರರ ದೃಷ್ಟಿ ಬಿದ್ದರೆ ಅಡಿಗೆ ಕೆಡುವುದೆಂದು ಭಾವಿಸಿದ್ದ ಸಂಪ್ರದಾಯದೊಳಗಿನಿಂದಲೇ ಬಂದವರು, ಯಾರು ಬೇಕಾದರೂ ನೋಡಲಿ ಎಂದು ಒಲೆಯನ್ನೇ ತೆರೆದಿಟ್ಟದ್ದು ಸಾಮಾನ್ಯವಾದ ಪರಿವರ್ತನೆಯಲ್ಲ. ಅಡಿಗೆಯವನ ಕುಲವು ಕೊಡುತ್ತಿದ್ದ ಭರವಸೆಯನ್ನು ತೊಳೆದ ಪಾತ್ರೆಯು ಕೊಡತೊಡಗಿತು. ಅತ್ತ ಮದರಾಸಿನಲ್ಲಿ 1962ರಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನ ಮರಗಳ ನೆರಳಿನಲ್ಲಿ, ಕಾರುಗಳಲ್ಲಿ ಬಂದವರಿಗೆ ಕಾರಿನಲ್ಲಿಯೇ ಬಡಿಸುತ್ತಿದ್ದರು. ಒಂದು ಲೋಟ ಕಾಫಿಗೆ ಗಂಟೆಗಟ್ಟಲೆ ಕುಳಿತು ಹರಟುವವರನ್ನೂ ಏಳಿಸದ ಆ ತಾಣವು 2008ರಲ್ಲಿ ಮುಚ್ಚುವವರೆಗೆ ಊರಿನ ಪಡಸಾಲೆಯಾಗಿತ್ತು.

ಗಿರಾಕಿಯ ಸಂತೃಪ್ತಿಯನ್ನೂ ಯಜಮಾನನ ಶ್ರಮವನ್ನೂ ಹೊಗಳುವಾಗ ನಡುವೆ ನಿಂತವನನ್ನು ನಾವು ಬೇಗನೆ ಮರೆಯುತ್ತೇವೆ. ಮಾಣಿಯೆಂದು ಎಲ್ಲರೂ ಕರೆಯುತ್ತಿದ್ದ ಅವನಿಗೆ ಎಷ್ಟೋ ವೇಳೆ ಹತ್ತು ಹನ್ನೆರಡು ವರ್ಷಗಳಿಗಿಂತ ಹೆಚ್ಚಿರುತ್ತಿರಲಿಲ್ಲ. ಮನೆಯ ಹಸಿವೆಯನ್ನು ತಾಳಲಾರದೆ ಘಟ್ಟ ಹತ್ತಿದವನೋ, ಹಡಗನ್ನೇರಿ ಮುಂಬಯಿಗೆ ಬಂದವನೋ ಆದ ಆ ಹುಡುಗನು ನಸುಕಿನಲ್ಲಿ ಎದ್ದು, ರಾತ್ರಿ ಹೋಟೆಲು ಮುಚ್ಚಿದ ಮೇಲೆ ಗಿರಾಕಿಗಳು ಉಂಡ ಮೇಜುಗಳನ್ನೇ ಸೇರಿಸಿಕೊಂಡು ಮಲಗುತ್ತಿದ್ದನು. ಮುಂಬಯಿಯ ಕನ್ನಡಿಗರು ಇಂಥವರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದ್ದು ಪರನಾಡಿನಲ್ಲಿ ನಮ್ಮವರು ಮಾಡಿದ ಅತ್ಯಂತ ಶ್ರೇಷ್ಠ ಕಾರ್ಯಗಳಲ್ಲೊಂದು. ಹಗಲೆಲ್ಲ ತಟ್ಟೆ ಎತ್ತಿ ಇರುಳಿನಲ್ಲಿ ಅಕ್ಷರ ಕಲಿತವರಲ್ಲಿ ಪದವೀಧರರಾದವರೂ ಇದ್ದಾರೆ. ಹದಿನಾಲ್ಕು ವರ್ಷಕ್ಕೆ ಒಳಪಟ್ಟ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ಭಾರತ ಸರ್ಕಾರದ ನಿಷೇಧವು ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟರೊಳಗೆ ಈ ಉದ್ಯಮದಲ್ಲಿ ಮೂರು ತಲೆಮಾರುಗಳ ಬಾಲ್ಯವು ಕಳೆದುಹೋಗಿತ್ತು.