ಒಂದೇ ಎಂಜಿನ್, ಎರಡು ದಾರಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಪುತ್ತೂರಿಗೆ ಹೋಗಿದ್ದೆ. ಪೇಟೆಯ ಅಂಚಿನಲ್ಲಿರುವ ಹಳೆಯ ಗ್ಯಾರೇಜೊಂದರಲ್ಲಿ ಕೆಲವು ಹೊತ್ತು ಕುಳಿತುಕೊಳ್ಳುವ ಸಂದರ್ಭ ಬಂತು. ದುಬೈಯ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಸುಳ್ಯದ ಕಡೆಯ ತರುಣನೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದ. ಅವನು ಅಲ್ಲಿ ಜಪಾನಿನ ಹಳೆಯ ಕ್ರೀಡಾಕಾರುಗಳನ್ನು ಬಿಚ್ಚಿ, ತುಕ್ಕು ತೆಗೆದು, ಹೊಸತರಂತೆ ಕಟ್ಟುವ ಕೆಲಸದಲ್ಲಿದ್ದಾನೆ. ತಾನು ದುರಸ್ತಿ ಮಾಡಿದ ಡಾಟ್ಸನ್ 240 ಜೆಡ್ ಕಾರಿನ ಚಿತ್ರಗಳನ್ನು ಫೋನಿನಲ್ಲಿ ತೋರಿಸುತ್ತಿದ್ದ. ಎಪ್ಪತ್ತು ದಾಟಿದ ಗ್ಯಾರೇಜಿನ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಕಾರಿನ ಅಂದದ ಬಗ್ಗೆ ಅವರು ಏನೂ ಹೇಳಲಿಲ್ಲ. ಎಂಜಿನ್ನಿನ ಚಿತ್ರ ಬಂದಾಗ ಮಾತ್ರ ಬೆರಳಿಟ್ಟು, "ಈ ಕಾರ್ಬ್ಯುರೇಟರ್ ನಮ್ಮ ಅಂಬಾಸಡರಿನದ್ದೇ ಅಲ್ವಾ ಮಾರಾಯಾ? ಎರಡು ಹಾಕಿದ್ದಾರೆ, ಅಷ್ಟೇ" ಎಂದರು.

ತರುಣ ನಕ್ಕ. ನನಗೂ ಆ ಕ್ಷಣಕ್ಕೆ ಅದು ಹಿರಿಯರ ಊರಭಿಮಾನವೆಂದೇ ತೋರಿತು. ಆದರೆ ಊರಿಂದ ಮರಳಿದ ಮೇಲೆ ಪುಸ್ತಕಗಳನ್ನು ತಿರುವಿ ನೋಡಿದರೆ ಅವರು ಹೇಳಿದ್ದು ಬಹುಮಟ್ಟಿಗೆ ನಿಜವಾಗಿತ್ತು. ಆ ಒಂದು ಮಾತಿನ ಹಿಂದೆ ಎರಡು ದೇಶಗಳ ಯಂತ್ರಚರಿತ್ರೆಯೇ ಅಡಗಿದೆ. ಅದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಕಾರ್ಬ್ಯುರೇಟರಿನ ವಿಚಾರ. ಗಾಳಿಗೆ ಪೆಟ್ರೋಲನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ ಎಂಜಿನ್ನಿಗೆ ಕಳಿಸುವುದು ಇದರ ಕೆಲಸ. ಬ್ರಿಟನ್ನಿನ ಎಸ್.ಯು. ಕಾರ್ಬ್ಯುರೇಟರಿನಲ್ಲಿ ಗಾಳಿಯ ಎಳೆತಕ್ಕೆ ಮೇಲೇಳುವ ಒಂದು ಪಿಸ್ಟನ್ನಿದೆ. ಅದರ ತುದಿಯಲ್ಲಿ ಚೂಪಾಗುತ್ತ ಹೋಗುವ ಸೂಜಿ. ಪಿಸ್ಟನ್ ಮೇಲೆದ್ದಷ್ಟೂ ಸೂಜಿಯ ಸುತ್ತ ಸಂದು ಹೆಚ್ಚಿ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಒಂದೇ ಸೂಜಿ ಎಲ್ಲ ವೇಗಕ್ಕೂ ಸಾಕು. ಅಂಬಾಸಡರಿಗೆ ಇಂಥದು ಒಂದಿತ್ತು. ಡಾಟ್ಸನ್ 240 ಜೆಡ್‌ನ ಆರು ಸಿಲಿಂಡರಿಗೆ ಇಂಥವು ಎರಡು, ಒಂದೊಂದು ಮೂರು ಸಿಲಿಂಡರನ್ನು ನೋಡಿಕೊಳ್ಳುತ್ತಿತ್ತು. ಅವನ್ನು ಜಪಾನಿನ ಹಿಟಾಚಿ ಕಂಪನಿ ಎಸ್.ಯು. ಮಾದರಿಯಲ್ಲೇ ತಯಾರಿಸಿತ್ತು.

ನಂಟು ಇಲ್ಲಿಗೇ ಮುಗಿಯುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋತು ಕಂಗೆಟ್ಟಿದ್ದ ಜಪಾನಿನ ನಿಸಾನ್ ಕಂಪನಿ 1952ರಲ್ಲಿ ಬ್ರಿಟನ್ನಿನ ಆಸ್ಟಿನ್ ಜತೆ ಒಪ್ಪಂದ ಮಾಡಿಕೊಂಡಿತು. ಆಸ್ಟಿನ್ ಕಾರುಗಳನ್ನು ಜಪಾನಿನಲ್ಲಿ ಜೋಡಿಸುವುದು, ಮೂರು ವರ್ಷಗಳೊಳಗೆ ಎಲ್ಲ ಬಿಡಿಭಾಗಗಳನ್ನೂ ಅಲ್ಲಿಯೇ ತಯಾರಿಸುವುದು ಎಂಬುದು ಅದರ ಷರತ್ತು. ಅದೇ 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಕೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ ಎಂಬ ಒಂದೇ ಸಂಸ್ಥೆಯಾದವು. ಅದರ 'ಬಿ ಸರಣಿ'ಯ 1489 ಸಿ.ಸಿ. ಎಂಜಿನ್ ಆಸ್ಟಿನ್ ಎ50 ಕಾರಿನೊಡನೆ ಜಪಾನಿಗೆ ಹೋಯಿತು. ಇತ್ತ ಭಾರತದಲ್ಲಿ ಹಿಂದುಸ್ತಾನ್ ಮೋಟರ್ಸ್ ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಿಂದ ಅಂಬಾಸಡರನ್ನು ಹೊರತಂದಿತು. 1959ರಲ್ಲಿ ಅದಕ್ಕೆ ಕೂರಿಸಿದ ಎಂಜಿನ್ ಯಾವುದು? ಅದೇ ಬಿ ಸರಣಿಯ 1489 ಸಿ.ಸಿ. ಎಂಜಿನ್. ಒಂದೇ ಬೀಜ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡು ದೇಶಗಳ ನೆಲಕ್ಕೆ ಬಿತ್ತು.

ಮುಂದೆ ಆದದ್ದು ಬೇರೆ. ನಿಸಾನ್ ಆ ಎಂಜಿನ್ನಿನ ಪಿಸ್ಟನ್ ಓಡಾಟವನ್ನು ಗಿಡ್ಡಗೊಳಿಸಿ 988 ಸಿ.ಸಿ.ಯ ಹೊಸ ಎಂಜಿನ್ ಮಾಡಿತು. 1957ರಲ್ಲಿ ಅದು ಡಾಟ್ಸನ್ 1000 ಕಾರಿಗೆ ಬಂತು. ಮರುವರ್ಷವೇ ಆ ಪುಟ್ಟ ಕಾರು ಆಸ್ಟ್ರೇಲಿಯವನ್ನು ಸುತ್ತುವ ಕಠಿಣ ಸ್ಪರ್ಧೆಯಲ್ಲಿ ತನ್ನ ವರ್ಗದಲ್ಲಿ ಗೆದ್ದಿತು. ಆ ಬಳಿಕ ಜಪಾನ್ ತಿರುಗಿ ನೋಡಲಿಲ್ಲ. 1963ರಲ್ಲಿ ಮೋಟಾರುಸೈಕಲ್ ಮಾಡುತ್ತಿದ್ದ ಹೋಂಡಾ ತನ್ನ ಮೊದಲ ಕ್ರೀಡಾಕಾರು ಎಸ್500 ಹೊರತಂದಿತು. ಎಂಜಿನ್ ಬರಿಯ 531 ಸಿ.ಸಿ., ಹಿಂಗಾಲಿಗೆ ಶಕ್ತಿ ಹೋಗುವುದು ಬೈಕಿನಂತೆ ಚೈನಿನಲ್ಲಿ! 1967ರಲ್ಲಿ ಮಜ್ದಾ, ಪಿಸ್ಟನ್ನೇ ಇಲ್ಲದ ತಿರುಗುವ ಎಂಜಿನ್ನಿನ ಕಾಸ್ಮೋ ಸ್ಪೋರ್ಟ್ ಮಾಡಿತು. ಅದೇ ವರ್ಷ ಟೊಯೋಟಾ, ಯಮಾಹಾದ ನೆರವಿನಿಂದ 2000 ಜಿ.ಟಿ. ತಂದಿತು. ಮಾಡಿದ್ದು 350ರ ಆಸುಪಾಸಿನಷ್ಟು ಮಾತ್ರ. 1969ರಲ್ಲಿ ಬಂದ ಡಾಟ್ಸನ್ 240 ಜೆಡ್, ಸಾಮಾನ್ಯ ಸಂಬಳದಾರನೂ ಕ್ರೀಡಾಕಾರು ಕೊಳ್ಳಬಹುದೆಂದು ಅಮೆರಿಕಕ್ಕೆ ತೋರಿಸಿಕೊಟ್ಟಿತು.

ಈ ಕಾರಿನ ಇನ್ನೊಂದು ಸಾಧನೆ ನಮ್ಮ ಕಡೆಯವರಿಗೆ ಬೇಗ ಅರ್ಥವಾದೀತು. ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿ ಎಂದರೆ ಸಾವಿರಾರು ಕಿಲೋಮೀಟರುಗಳ ಕೆಂಪುಮಣ್ಣು, ಕೆಸರು, ಹೊಂಡ. 240 ಜೆಡ್ ಅಲ್ಲಿ 1971ರಲ್ಲೂ 1973ರಲ್ಲೂ ಗೆದ್ದಿತು. 1973ರಲ್ಲಿ ಅದನ್ನು ಓಡಿಸಿದವರು ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಮುಂದೆ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ಡಾಟ್ಸನ್ ಕಾರುಗಳಲ್ಲೇ ಅವರು ಅದೇ ರ‍್ಯಾಲಿ ಗೆದ್ದರು. ಜೂನ್ ತಿಂಗಳಲ್ಲಿ ಕಡಬದ ಒಳದಾರಿಗಳಲ್ಲಿ ಜೀಪು ಓಡಿಸಿದವರಿಗೆ ಆ ಗೆಲುವಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಮ್ಮ ಅಂಬಾಸಡರ್ ಏನಾಯಿತು? ಏನೂ ಆಗಲಿಲ್ಲ. ಆಮದಿಗೆ ನಿರ್ಬಂಧ, ತಯಾರಿಕೆಗೆ ಪರವಾನಗಿ, ಕೊಳ್ಳುವವನಿಗೆ ವರ್ಷಗಟ್ಟಲೆ ಸರದಿ. ಸ್ಪರ್ಧೆಯಿಲ್ಲದ ಮೇಲೆ ಬದಲಾವಣೆಯ ಅಗತ್ಯವೇ ಇರಲಿಲ್ಲ. ಕಾರು ಉದ್ಯಮದ ಮೇಲಿನ ಪರವಾನಗಿ ನಿಯಂತ್ರಣ ಹೋದದ್ದು 1993ರಲ್ಲಿ. ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಇದನ್ನು ಸೋಲಿನ ಕಥೆಯೆಂದು ಹೇಳುವುದು ರೂಢಿ. ಕಾರ್ಖಾನೆಯ ಮಟ್ಟಿಗೆ ಅದು ಸರಿ.

ಆದರೆ ಗ್ಯಾರೇಜಿನ ಮಟ್ಟಿಗೆ ಅಲ್ಲ ಎಂಬುದೇ ನಾನು ಹೇಳಹೊರಟ ಮಾತು. ಹೊಸ ಯಂತ್ರ ಸಿಗದ ನಾಡಿನಲ್ಲಿ ಇದ್ದುದನ್ನು ಉಳಿಸಿಕೊಳ್ಳುವ ವಿದ್ಯೆ ಬೆಳೆಯಿತು. ಪುತ್ತೂರು, ಸುಳ್ಯಗಳ ಅಡಿಕೆ ಸೀಮೆಯಲ್ಲಿ ಜೀಪು, ಅಂಬಾಸಡರುಗಳು ಶೋಕಿಯ ವಸ್ತುಗಳಾಗಿರಲಿಲ್ಲ. ರೋಗಿಯನ್ನು ಆಸ್ಪತ್ರೆಗೆ, ಅಡಿಕೆ ಮೂಟೆಯನ್ನು ಪೇಟೆಗೆ, ದಿಬ್ಬಣವನ್ನು ಮದುವೆ ಮನೆಗೆ ಸಾಗಿಸಿದವು ಅವೇ. ಬಿಡಿಭಾಗ ಮಂಗಳೂರಿನಲ್ಲೂ ಸಿಗದಿದ್ದರೆ ಲೇತಿನಲ್ಲಿ ಕಡೆದು ಮಾಡಬೇಕಿತ್ತು. ಆ ಹಿರಿಯರು ಎಸ್.ಯು. ಕಾರ್ಬ್ಯುರೇಟರನ್ನು ಕಿವಿಯಿಂದ ಹದ ಮಾಡುತ್ತಿದ್ದವರು. ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಎತ್ತಬೇಕು. ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಎಂಜಿನ್ ನಿಂತೇಹೋದರೆ ಕಡಿಮೆಯಾಗಿದೆ. ತುಸು ಏರಿ ಮತ್ತೆ ಇಳಿದರೆ ಹದ ಸರಿ. ಎರಡು ಕಾರ್ಬ್ಯುರೇಟರ್ ಇದ್ದಲ್ಲಿ ರಬ್ಬರ್ ನಳಿಗೆಯನ್ನು ಕಿವಿಗಿಟ್ಟು, ಎರಡರಲ್ಲೂ ಗಾಳಿಯ ಸದ್ದು ಸಮನಾಗುವವರೆಗೆ ತಿರುಪು ತಿರುಗಿಸಬೇಕು. ದುಬೈಯ ತರುಣ ಇದನ್ನು ಡಾಟ್ಸನ್ನಿನಲ್ಲಿ ಈಗ ಕಲಿಯುತ್ತಿದ್ದಾನೆ.

ಪುತ್ತೂರಿನ ಬೀದಿಯಲ್ಲಿ 240 ಜೆಡ್ ಓಡಿದ್ದನ್ನು ನಾನು ಕಂಡಿಲ್ಲ. ಜಪಾನ್ ನಮ್ಮಲ್ಲಿಗೆ ಬಂದದ್ದು ಸಣ್ಣ ರೂಪದಲ್ಲಿ. 1983ರ ಡಿಸೆಂಬರ್ 14ರಂದು ಮಾರುತಿ 800 ಬಿಡುಗಡೆಯಾಯಿತು. ಸುಜುಕಿಯ 796 ಸಿ.ಸಿ., ಮೂರು ಸಿಲಿಂಡರಿನ ಎಂಜಿನ್. 1985ರಲ್ಲಿ ಜಿಪ್ಸಿ ಬಂತು. ಅದರ 970 ಸಿ.ಸಿ. ಎಂಜಿನ್ನಿನ ಬಳಗದ್ದೇ ಎಂಜಿನ್ನನ್ನು ಸುಜುಕಿ ಅದಕ್ಕೂ ಮೊದಲು ತನ್ನ ಪುಟ್ಟ ಕ್ರೀಡಾಕಾರು ಸೆರ್ವೊದ ಹಿಂಬದಿಯಲ್ಲಿ ಕೂರಿಸಿ ಬ್ರಿಟನ್ನಿಗೆ ಕಳಿಸುತ್ತಿತ್ತು. ಅದೇ 1985ರಲ್ಲಿ ಯಮಾಹಾ ಆರ್.ಎಕ್ಸ್. 100 ಬೈಕೂ ಬಂತು. ಟೊಯೋಟಾದ 2000 ಜಿ.ಟಿ.ಗೆ ನೆರವಾದ ಯಮಾಹಾವೇ ಇದು. ಆ ಸಂಸ್ಥೆಯ ಆರಂಭವೂ ಒಂದು ರಿಪೇರಿಯಿಂದ. 1887ರಲ್ಲಿ ಹಮಾಮತ್ಸು ಊರಿನ ಶಾಲೆಯ ಕೆಟ್ಟುಹೋದ ರೀಡ್ ಆರ್ಗನ್ನನ್ನು ತೊರಾಕುಸು ಯಮಾಹಾ ಎಂಬುವರು ಸರಿಪಡಿಸಿದ್ದೇ ಅದರ ಮೊದಲ ಪುಟ. ಆರ್.ಎಕ್ಸ್. 100ರ ಎಂಜಿನ್ನಿನಲ್ಲೂ ರೀಡ್ ಇದೆ. ಯಕ್ಷಗಾನದಲ್ಲಿ ಶ್ರುತಿಗೆ ಬಳಸುವ ಹಾರ್ಮೋನಿಯಮ್ಮಿನ ರೀಡಿನಂತೆಯೇ ಗಾಳಿಗೆ ಅಲುಗುವ ತೆಳು ಎಸಳು. ಅಲ್ಲಿ ನಾದ ಹೊರಡಿಸುತ್ತದೆ, ಇಲ್ಲಿ ಒಳಬಂದ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುತ್ತದೆ.

ಕಡಬದ ಬಳಿ ನನ್ನ ಸೋದರಮಾವನ ಮನೆಯಲ್ಲಿ 1985ರ ಮಾರುತಿ 800 ಒಂದಿದೆ. ಮೂರಕ್ಷರದ ಹಳೆಯ ನೋಂದಣಿ ಸಂಖ್ಯೆಯ ಕಾರು. ಮಾವ ಓಡಿಸುವುದನ್ನು ಬಿಟ್ಟ ಮೇಲೆ ಅದು ಹಟ್ಟಿಯ ಪಕ್ಕದ ಮಾಡಿನಡಿ ನಿಂತಿತ್ತು. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳಿದಾಗ, ಬಾಲ್ಯದ ಋಣವೆಂದು ನಾನು ಅದನ್ನು ಉಳಿಸಿಕೊಂಡೆ. ಪೇಟೆಯ ಒಂದು ಕಡೆ ಕೊಟ್ಟು ಬಣ್ಣ ಹೊಡೆಸಿದೆ. ಕಾರು ಫಳಫಳ ಹೊಳೆಯಿತು. ಮುಂದಿನ ಮಳೆಗಾಲಕ್ಕೇ ಬಾಗಿಲಿನಡಿ ಬೊಬ್ಬೆಗಳೆದ್ದವು. ಹಿರಿಯರ ಗ್ಯಾರೇಜಿಗೆ ಒಯ್ದೆ. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿ, "ಮೇಲಿಂದ ಚಂದ ಉಂಟು. ಒಳಗೆ ತಗಡೇ ಇಲ್ಲ, ಬರೀ ಪುಟ್ಟಿ" ಎಂದರು.

ವಿಜ್ಞಾನ ಓದಿದ ನಾನು ಇಲ್ಲಿ ನಾಚಬೇಕಾಯಿತು. ತುಕ್ಕು ಎಂದರೆ ಕಬ್ಬಿಣವು ನೀರು ಮತ್ತು ಆಮ್ಲಜನಕದ ಜತೆ ಕೂಡಿ ತನ್ನ ಮೂಲ ಅದಿರಿನ ರೂಪಕ್ಕೆ ಮರಳುವ ಕ್ರಿಯೆ. ತುಕ್ಕಿನ ಗಾತ್ರ ಕಬ್ಬಿಣದ ಗಾತ್ರಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಅದು ಬಣ್ಣವನ್ನು ಒಳಗಿಂದ ಎಬ್ಬಿಸುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಸಾಲದ್ದಕ್ಕೆ ಮಾವನ ಕಾರು ಪ್ರತಿ ಆಷಾಢದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕಾಗಿ ಮೈಲುತುತ್ತು ಹೊತ್ತು ತಂದಿತ್ತು. ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಕಬ್ಬಿಣದ ಮೊಳೆಯಿಟ್ಟರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆಂದು ಶಾಲೆಯಲ್ಲೇ ಪ್ರಯೋಗ ಮಾಡಿದ್ದೆವು. ಅದೇ ಪ್ರಯೋಗ ಕಾರಿನ ನೆಲಹಾಸಿನಡಿ ಹಲವು ವರ್ಷ ನಡೆದಿತ್ತು. 240 ಜೆಡ್‌ಗಳಿಗೂ ದೊಡ್ಡ ಶತ್ರು ತುಕ್ಕೇ. ಅಮೆರಿಕದ ಚಳಿಸೀಮೆಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅವನ್ನು ತಿಂದುಹಾಕಿತು.

ಹಿರಿಯರು ಪುಟ್ಟಿ ಕೆತ್ತಿ, ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಬೆಸೆದರು. ಗೇರಿನ ಕೊಂಡಿಯ ಬುಷ್ ಸಿಗದೆ ಹಿತ್ತಾಳೆಯಲ್ಲಿ ಕಡೆದು ಹಾಕಿದರು. ದುಬೈಯ ತರುಣ ಅದನ್ನು ಒಪ್ಪಲಿಲ್ಲ. "ಒರಿಜಿನಲ್ ಅಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ ಅಣ್ಣಾ" ಎಂದ. "ಓಡದಿದ್ದರೆ ಒರಿಜಿನಲ್ ಇಟ್ಟು ಏನು ಮಾಡುದು?" ಎಂಬುದು ಹಿರಿಯರ ಉತ್ತರ.

ಇಬ್ಬರ ಮಾತಿನಲ್ಲೂ ಹುರುಳಿದೆ. ಮೂಲ ಭಾಗಗಳ ಮಹತ್ವವನ್ನು ತಯಾರಕರೇ ಈಗ ಒಪ್ಪಿದ್ದಾರೆ. 2017ರಲ್ಲಿ ಮಜ್ದಾ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರ್ ಕಾರನ್ನು ಜೀರ್ಣೋದ್ಧಾರ ಮಾಡಿಕೊಡುವ ಸೇವೆಯನ್ನು ಪ್ರಕಟಿಸಿತು. ಅದೇ ವರ್ಷ ನಿಸಾನ್ ತನ್ನ ಸ್ಕೈಲೈನ್ ಜಿ.ಟಿ.-ಆರ್.ಗೆ, 2020ರಲ್ಲಿ ಟೊಯೋಟಾ ತನ್ನ ಸುಪ್ರಾ ಮತ್ತು 2000 ಜಿ.ಟಿ.ಗಳಿಗೆ ನಿಂತುಹೋಗಿದ್ದ ಬಿಡಿಭಾಗಗಳನ್ನು ಮತ್ತೆ ಒದಗಿಸತೊಡಗಿದವು. ನಮ್ಮ ಕಾನೂನೂ ಮೂಲರೂಪವನ್ನೇ ಕೇಳುತ್ತದೆ. 2021ರ ನಿಯಮದಂತೆ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ 'ವಿಂಟೇಜ್' ನೋಂದಣಿ ಸಿಗುತ್ತದೆ. ಇತ್ತ ಖಾಸಗಿ ವಾಹನದ ಸಾಮಾನ್ಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರಿಗೆ 600 ರೂಪಾಯಿಯಿದ್ದ ಅದರ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಯಾಯಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ ಇನ್ನೂ ಏರಿತು.

ಇಲ್ಲೊಂದು ಕಂದಕವಿದೆ. ಮಾವನ ಮಾರುತಿಗೆ 50 ತುಂಬುವುದು 2035ರಲ್ಲಿ. ಮೊದಲ ಆರ್.ಎಕ್ಸ್. 100ಗಳಿಗೂ ಆಗಲೇ. ರಸ್ತೆಗೆ ತೀರ ಹಳತು, ಕಾನೂನಿನ ಗೌರವಕ್ಕೆ ಇನ್ನೂ ಎಳತು. ಹಳೆಯ ಹೊಗೆಯ ವಾಹನಗಳೆಲ್ಲ ರಸ್ತೆಯಲ್ಲೇ ಇರಲೆಂದು ನಾನು ವಾದಿಸುವುದಿಲ್ಲ. ಬಹುಪಾಲು ಗುಜರಿಗೆ ಹೋಗಬೇಕಾದವೇ. ಆದರೆ ಉಳಿಯುವ ನಾಲ್ಕಾರು ಉಳಿಯಬೇಕಾದರೆ ಈ ಹತ್ತು ವರ್ಷ ಅವನ್ನು ಜೀವಂತವಾಗಿಡುವ ಕೈಗಳು ಬೇಕು. ಹಿರಿಯರಿಗೆ ಈಗ ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಅವರ ಬಳಿ ಕಲಿಯಲು ಯಾರೂ ಇಲ್ಲ. ಇಂದಿನ ಎಂಜಿನ್ನುಗಳಲ್ಲಿ ಕಾರ್ಬ್ಯುರೇಟರೇ ಇಲ್ಲದಿರುವಾಗ ಕಲಿಯುವವರನ್ನು ದೂರುವಂತೆಯೂ ಇಲ್ಲ.

ದೂರದರ್ಶನದ ಕೆಲಸದಲ್ಲಿ ದೇವಾಲಯ, ಸಾಹಿತಿ, ಕೃಷಿಕರ ಬಗ್ಗೆ ಎಷ್ಟೋ ಕಾರ್ಯಕ್ರಮ ಮಾಡಿದ್ದೇನೆ. ಗ್ಯಾರೇಜಿನೊಳಗೆ ಕ್ಯಾಮೆರಾ ಇಟ್ಟವನಲ್ಲ. ಈ ಸಲ ಇಟ್ಟೆ. ಹಿರಿಯರು ರಬ್ಬರ್ ನಳಿಗೆಯನ್ನು ಒಳ್ಳೆಯ ಕಿವಿಗೆ ಹಿಡಿದು ಹಳೆಯ ಅಂಬಾಸಡರೊಂದನ್ನು ಹದ ಮಾಡುವುದನ್ನು, ಪ್ರತಿ ಹಂತಕ್ಕೂ ಅವರು ಬಳಸುವ ಮಾತಿನೊಡನೆ ಚಿತ್ರಿಸಿಕೊಂಡೆ. ಮಾರುತಿಯ ಆರ್.ಸಿ. ಪುಸ್ತಕದೊಂದಿಗೆ ಒಂದು ನೋಟುಪುಸ್ತಕವನ್ನೂ ಇಟ್ಟಿದ್ದೇನೆ. ಯಾವ ತಗಡು ಎಂದು ಬದಲಾಯಿತು, ಹಿತ್ತಾಳೆಯ ಬುಷ್ ಏಕೆ ಬಂತು ಎಂಬುದೆಲ್ಲ ಅದರಲ್ಲಿದೆ. ನಿಮ್ಮ ಮನೆಯ ಮಾಡಿನಡಿಯೂ ಇಂಥದೊಂದು ನಿಂತಿದ್ದರೆ, ಹಳೆಯ ನೋಂದಣಿ ಪತ್ರವನ್ನು ಕಳೆಯಬೇಡಿ. ವಿಂಟೇಜ್ ನೋಂದಣಿಗೆ ಅದು ಬೇಕಾಗುತ್ತದೆ. ಮತ್ತು ಅದನ್ನು ರಿಪೇರಿ ಮಾಡಿದವರು ಇನ್ನೂ ಇದ್ದರೆ ಒಮ್ಮೆ ಹೋಗಿ ಮಾತಾಡಿಸಿ, ಹೇಳಿದ್ದನ್ನು ಬರೆದುಕೊಳ್ಳಿ.

ಆಸ್ಟಿನ್ ಎಂಜಿನ್ನಿನ ಕಥೆಯನ್ನು ಹಿರಿಯರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಾನು ಅವತ್ತೇ ಹೇಳಿದೆನಲ್ಲ" ಎಂದು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದರು.