ಬೈಸಿಕಲ್ ಸವಾರನ ಗುಪ್ತಾಯುಧವೂ ಪ್ರಯಾಣಿಕನ ವಿನಾಯಿತಿಯೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಟೆಕ್ಸಾಸಿನ ಶಾಸನಸಭೆಯು 1871ರ ಏಪ್ರಿಲಿನಲ್ಲಿ ಒಂದು ಶಾಸನವನ್ನು ವಿಧಿಸಿತು. ತನ್ನ ಮೈಮೇಲಾಗಲಿ, ಮೈಯ ಹತ್ತಿರವಾಗಲಿ, ಕುದುರೆಯ ಜೀನಿನಲ್ಲಾಗಲಿ, ಜೀನಿನಿಂದ ಇಳಿಬಿಟ್ಟ ಹಸುಬೆಯಲ್ಲಾಗಲಿ ಯಾವನೂ ಪಿಸ್ತೂಲು, ಕಠಾರಿ ಮೊದಲಾದ ಆಯುಧಗಳನ್ನು ಒಯ್ಯಕೂಡದೆಂಬುದು ಅದರ ತಿರುಳು. ಒಡನೆಯೇ ಕೆಲವು ವಿನಾಯಿತಿಗಳೂ ಹೇಳಲ್ಪಟ್ಟಿವೆ. ಸ್ವಂತ ಮನೆ ಜಮೀನುಗಳಲ್ಲಿಯೂ ವ್ಯವಹಾರದ ಸ್ಥಳದಲ್ಲಿಯೂ ಈ ನಿಷೇಧವಿಲ್ಲ. ಸಂಸ್ಥಾನದಲ್ಲಿ ಪ್ರಯಾಣ ಮಾಡುವವರು ತಮ್ಮ ಸಾಮಾನಿನೊಡನೆ ಆಯುಧವನ್ನು ಇಟ್ಟುಕೊಳ್ಳಬಹುದು. ಶಾಸನಕಾರರು ಜೀನನ್ನೂ ಹಸುಬೆಯನ್ನೂ ಬಿಡಿಸಿ ಹೇಳಿದುದು ಸುಮ್ಮನಲ್ಲ. ಪಿಸ್ತೂಲು ತನ್ನ ಮೈಮೇಲಿಲ್ಲ, ಕುದುರೆಯ ಮೇಲಿದೆ ಎಂದು ಸವಾರನು ನುಣುಚಿಕೊಳ್ಳಬಾರದೆಂಬುದೇ ಅವರ ಎಣಿಕೆ. ಇದಾಗಿ ಇಪ್ಪತ್ತು ವರ್ಷ ಕಳೆಯುವುದರೊಳಗೆ, ಮೇವು ನೀರುಗಳನ್ನು ಕೇಳದ ಮತ್ತೊಂದು ವಾಹನವು ಅದೇ ಹಾದಿಗಳಲ್ಲಿ ಓಡತೊಡಗಿತು. ಇಂಗ್ಲಿಷಿನಲ್ಲಿ ಕುದುರೆಯ ಜೀನಿಗೂ ಬೈಸಿಕಲ್ಲಿನ ಆಸನಕ್ಕೂ ಒಂದೇ ಹೆಸರು. ಆಸನದ ಹಿಂದೆ ಕಟ್ಟುವ ಚಿಕ್ಕ ತೊಗಲುಚೀಲಕ್ಕೂ ಹಸುಬೆಯ ಹೆಸರೇ ನಿಂತಿತು. ಹಾಗಾದರೆ ಬೈಸಿಕಲ್ ಏರಿದವನು ಶಾಸನದ ಕಣ್ಣಿಗೆ ಊರೊಳಗೆ ತಿರುಗಾಡುವವನೋ, ಪ್ರಯಾಣಿಕನೋ?

ಪ್ರಶ್ನೆಯು ಚಿಕ್ಕದಾಗಿ ಕಂಡರೂ ಅದರ ಬೇರು ಆಳದಲ್ಲಿದೆ. ಬಚ್ಚಿಟ್ಟ ಆಯುಧಕ್ಕೂ ಬಹಿರಂಗವಾದ ಆಯುಧಕ್ಕೂ ಭೇದವನ್ನು ಕಲ್ಪಿಸಿದ ಅಮೆರಿಕದ ಶಾಸನಗಳಲ್ಲಿ ಮೊದಲಿನವು ಕೆಂಟಕಿ ಮತ್ತು ಲೂಯಿಸಿಯಾನಗಳವು. ಎರಡೂ 1813ರಲ್ಲಿ ಹೊರಟುವು. ಜೇಬಿನ ಪಿಸ್ತೂಲು, ಕಠಾರಿ, ದೊಡ್ಡ ಚೂರಿ, ಗುಪ್ತಿ ಇವನ್ನು ಮರೆಮಾಡಿ ಧರಿಸಿದವನಿಗೆ ಕೆಂಟಕಿಯ ಶಾಸನವು ನೂರು ಡಾಲರಿಗೆ ಕಡಮೆಯಿಲ್ಲದ ದಂಡವನ್ನು ವಿಧಿಸಿತು. ಕೈಗೋಲಿನ ಒಳಗೆ ಕತ್ತಿಯನ್ನು ಹುದುಗಿಸಿದ ಗುಪ್ತಿಯು ನಮ್ಮ ದೇಶದಲ್ಲಿಯೂ ಹಳೆಯ ಪರಿಚಯದ್ದೇ. ಆ ಶಾಸನದಲ್ಲಿಯೂ ದೂರಪ್ರಯಾಣದಲ್ಲಿರುವವನನ್ನು ಹೊರತುಪಡಿಸಿದೆಯೆಂಬುದು ಗಮನಾರ್ಹ. ನಿಷೇಧದ ಜೊತೆಯಲ್ಲಿಯೇ ಪ್ರಯಾಣಿಕನ ವಿನಾಯಿತಿಯೂ ಹುಟ್ಟಿತು. ಬ್ಲಿಸ್ ಎಂಬಾತನು ಇಂಥ ಗುಪ್ತಿಯನ್ನು ಹಿಡಿದುದಕ್ಕಾಗಿಯೇ ಶಿಕ್ಷೆಗೆ ಗುರಿಯಾದನು. 1822ರಲ್ಲಿ ಕೆಂಟಕಿಯ ನ್ಯಾಯಸ್ಥಾನವು ಅವನ ಪಕ್ಷವನ್ನು ಎತ್ತಿಹಿಡಿದು ಶಾಸನವನ್ನೇ ಅಸಿಂಧುವೆಂದಿತು. ಆ ತೀರ್ಪು ಸಂಸ್ಥಾನದವರಿಗೆ ರುಚಿಸಲಿಲ್ಲ. 1850ರ ರಾಜ್ಯಾಂಗದಲ್ಲಿ ಗುಪ್ತಾಯುಧಗಳನ್ನು ತಡೆಯುವ ಅಧಿಕಾರವನ್ನು ಶಾಸನಸಭೆಗೆ ಸ್ಪಷ್ಟವಾಗಿ ಕೊಟ್ಟರು.

ಅದೇ ವರ್ಷ ಲೂಯಿಸಿಯಾನದ ನ್ಯಾಯಸ್ಥಾನವು ಚಾಂಡ್ಲರನ ಮೊಕದ್ದಮೆಯಲ್ಲಿ ಇದರ ತತ್ತ್ವವನ್ನು ಬಿಡಿಸಿ ಹೇಳಿತು. ಎಲ್ಲರಿಗೂ ಕಾಣುವಂತೆ ಆಯುಧವನ್ನು ಧರಿಸುವುದು ಪೌರನ ಹಕ್ಕು. ಬಚ್ಚಿಟ್ಟುಕೊಳ್ಳುವುದು ಎದುರಾಳಿಗೆ ತಿಳಿಯದ ಮೇಲುಗೈಯನ್ನು ಪಡೆಯುವ ಹೇಡಿತನ. ಅಭಿಪ್ರಾಯದ ಸಾರವು ಇಷ್ಟು. ದಕ್ಷಿಣದ ಸಂಸ್ಥಾನಗಳ ಮಾನಮರ್ಯಾದೆಯ ಕಲ್ಪನೆಯನ್ನು ಬಿಟ್ಟು ಇದನ್ನು ಓದಿದರೆ ಅರ್ಥವಾಗದು. ಕನ್ನಡಿಗರಿಗೆ ಹೋಲಿಕೆ ಬೇಕಾದರೆ ಕೊಡಗನ್ನು ನೋಡಬಹುದು. ಕೈಲ್‌ಪೊಳ್ದಿನಂದು ಕೋವಿಯನ್ನು ಪೂಜಿಸಿ ಬಹಿರಂಗವಾಗಿ ಹಿಡಿದು ತೆಂಗಿನಕಾಯಿಗೆ ಗುರಿಯಿಡುವ ಆ ನಾಡಿನಲ್ಲಿ ಆಯುಧವು ಮನೆತನದ ಗೌರವದ ಗುರುತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಆಯುಧಶಾಸನದ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕಾಣುವ ಕೋವಿ ಬೇರೆ, ಮಡಿಲಲ್ಲಿ ಅಡಗಿದ ಚೂರಿ ಬೇರೆ ಎಂಬ ಭಾವನೆಯು ಅಮೆರಿಕಕ್ಕೆ ಮಾತ್ರ ಸೇರಿದುದಲ್ಲ.

ಇನ್ನು ಪ್ರಯಾಣಿಕನಾರು? ಶಾಸನಗಳು ಈ ಪದವನ್ನು ಬಳಸಿ ಅರ್ಥವನ್ನು ನ್ಯಾಯಸ್ಥಾನಗಳಿಗೆ ಬಿಟ್ಟುವು; ಅವು ಒಂದೊಂದು ದಿಕ್ಕಿಗೆ ನಡೆದುವು. ಒಂದು ಕಡೆ ದೂರವನ್ನು ಅಳೆದರು. ಮತ್ತೊಂದು ಕಡೆ ರಾತ್ರಿ ಹೊರಗೆ ತಂಗಿದನೇ ಎಂದು ಕೇಳಿದರು. ತನ್ನ ಬಂಧುಮಿತ್ರರ ಪರಿಚಯದ ವಲಯವನ್ನು ದಾಟಿದವನೇ ಪ್ರಯಾಣಿಕನೆಂದು ಬೇರೆ ಕೆಲವರು ನಿರ್ಣಯಿಸಿದರು. ಈ ಕೊನೆಯ ಲಕ್ಷಣವೇ ಎಲ್ಲಕ್ಕಿಂತ ಬುದ್ಧಿವಂತಿಕೆಯದು. ಪರಿಚಿತರ ನಡುವೆ ಇರುವವನಿಗೆ ಅವರೇ ರಕ್ಷಣೆ; ಅವರನ್ನು ಬಿಟ್ಟು ಹೋದವನಿಗೆ ಹಾದಿಯ ಭಯ. ಆದರೆ ಈ ಎಲ್ಲ ಲಕ್ಷಣಗಳೂ ಕುದುರೆಯ ನಡಗೆಗೆ ಹೊಂದಿಸಿದಂಥವು.

1885ರಲ್ಲಿ ಸ್ಟಾರ್ಲಿಯು ಸಮಗಾತ್ರದ ಚಕ್ರಗಳ ರೋವರ್ ಬೈಸಿಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ನಿರ್ಮಿಸಿದನು. ಅಂಗಡಿಯ ಗುಮಾಸ್ತನು ಬೆಳಗ್ಗೆ ಹೊರಟು, ತನ್ನನ್ನು ಬಲ್ಲವರೊಬ್ಬರೂ ಇಲ್ಲದ ಹತ್ತಾರು ಹಳ್ಳಿಗಳನ್ನು ದಾಟಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು ಸಾಧ್ಯವಾಯಿತು. ಪರಿಚಯದ ವಲಯವನ್ನು ಅವನು ದಾಟಿದ್ದಾನೆ, ರಾತ್ರಿ ಹೊರಗೆ ತಂಗಿಲ್ಲ. ಸಾಮಾನೆಂದರೆ ಒಂದು ಬುತ್ತಿ, ಒಂದು ಗಾಳಿಯ ಪಂಪು. ಹಳೆಯ ಲಕ್ಷಣಗಳು ಅವನಲ್ಲಿ ಒಂದನ್ನೊಂದು ಕಡಿಯುತ್ತವೆ.

ಹಾದಿಯ ಭಯವೂ ಹೊಸ ರೂಪವನ್ನು ತಾಳಿತು. ಉರುಳುವ ಚಕ್ರವನ್ನು ಕಂಡರೆ ನಾಯಿ ಬೆನ್ನಟ್ಟುತ್ತದೆ. ಸವಾರನ ಮೀನಗಂಡವು ಅದರ ಬಾಯಿಗೆ ನೇರವಾಗಿ ಸಿಕ್ಕುತ್ತದೆ. ಪಾಸ್ತರನು ಹುಚ್ಚುನಾಯಿಯ ವಿಷಕ್ಕೆ ಮೊದಲ ಬಾರಿ ಮನುಷ್ಯನಿಗೆ ಲಸಿಕೆ ಹಾಕಿದುದು ರೋವರು ಹೊರಬಂದ 1885ರಲ್ಲಿಯೇ ಎಂಬುದನ್ನು ನೆನೆದರೆ, ಅಂದಿನವರಿಗೆ ನಾಯಿಕಡಿತವು ಹಗುರವಾದ ಮಾತಾಗಿರಲಿಲ್ಲವೆಂದು ತಿಳಿಯುತ್ತದೆ. 1894ರಲ್ಲಿ ಪ್ಯಾರಿಸಿನ ಗಾಲಾನ್ ಎಂಬ ಕೋವಿಗಾರನು ಇದಕ್ಕೆಂದೇ ಒಂದು ಪುಟ್ಟ ರಿವಾಲ್ವರನ್ನು ಮಾರಾಟಕ್ಕೆ ತಂದನು. ಅದರ ಹೆಸರು ವೆಲೊಡಾಗ್. ಬೈಸಿಕಲ್ಲಿನ ಫ್ರೆಂಚ್ ಹೆಸರಿಗೆ ನಾಯಿಯ ಹೆಸರನ್ನು ಅಂಟಿಸಿದ ವಿಚಿತ್ರ ಸಮಾಸ. ಜೀವ ತೆಗೆಯಲು ಮನಸ್ಸಿಲ್ಲದವರಿಗಾಗಿ ಸೀಸದ ಬದಲು ಮೆಣಸಿನ ಪುಡಿಯನ್ನೋ ಮೇಣದ ಗುಂಡನ್ನೋ ತುಂಬಿದ ತೋಟಾಗಳೂ ಮಾರುತ್ತಿದ್ದುವು.

ಈ ಯಂತ್ರದ ರಚನೆಯೇ ಪ್ರಕೃತ ವಿಷಯಕ್ಕೆ ಮುಖ್ಯವಾದ ಸಾಕ್ಷಿ. ರಿವಾಲ್ವರಿನ ಹಿಂಬದಿಯಲ್ಲಿ ಎದ್ದುನಿಂತು ತೋಟಾವನ್ನು ಬಡಿಯುವ ಭಾಗವನ್ನು ಕನ್ನಡದ ಹಳೆಯ ಬಳಕೆಯಲ್ಲಿ ಕೋವಿಯ ಕುದುರೆಯೆನ್ನುತ್ತಾರೆ. ವೆಲೊಡಾಗಿನ ಹಲವು ಮಾದರಿಗಳಲ್ಲಿ ಈ ಕುದುರೆಯು ಕವಚದೊಳಗೆ ಹುದುಗಿದೆ. ಬೆರಳಿನಿಂದ ಎಳೆಯುವ ಕೀಲು ಮಡಚಿಕೊಳ್ಳುತ್ತದೆ. ಓಡುವ ಬೈಸಿಕಲ್ಲಿನ ಮೇಲೆ ಒಂದು ಕೈಯಿಂದ ಜೇಬಿನೊಳಗಿಂದ ಸೆಳೆಯುವಾಗ ಅಂಗಿಯ ಅಂಚಿಗೆ ಯಾವುದೂ ಸಿಕ್ಕಿಕೊಳ್ಳಬಾರದು. ಸವಾರನು ಬಿದ್ದರೆ ತಾನಾಗಿ ಹಾರಲೂ ಬಾರದು. ಮರೆಯಾಗಿರುವುದು ಇಲ್ಲಿ ಸವಾರನ ಕಪಟವಲ್ಲ, ವಸ್ತುವಿನ ಸ್ವಭಾವ. ಸೊಂಟದಲ್ಲಿ ಉದ್ದ ಪಿಸ್ತೂಲನ್ನು ಕಾಣುವಂತೆ ತೂಗುಬಿಟ್ಟು ಕಾಲುತುಳಿಯುವುದು ಕಷ್ಟ. ಬಹಿರಂಗವಾದುದೇ ಗೌರವವೆಂದ ನ್ಯಾಯಸ್ಥಾನಗಳು ಇಂಥ ಸವಾರನನ್ನು ಕಲ್ಪಿಸಿಕೊಂಡಿರಲಾರವು.

ಕೋವಿಗೂ ಬೈಸಿಕಲ್ಲಿಗೂ ತವರುಮನೆ ಒಂದೇ ಆಗಿದ್ದುದೂ ಆಕಸ್ಮಿಕವಲ್ಲ. ಉಕ್ಕಿನ ಕೊಳವೆಯನ್ನು ಸರಿಯಾಗಿ ಕೊರೆಯುವ, ಒಂದರ ಭಾಗವು ಇನ್ನೊಂದಕ್ಕೆ ಹೊಂದುವಂತೆ ಮಾಡುವ ಕೆಲಸವು ಎರಡಕ್ಕೂ ಸಮಾನ. ನಮ್ಮ ಊರುಗಳಲ್ಲಿ ಮನೆಮಾತಾದ ಬಿ.ಎಸ್.ಎ. ಬೈಸಿಕಲ್ಲಿನ ಹೆಸರಿನಲ್ಲಿ ಬರ್ಮಿಂಗ್‌ಹ್ಯಾಮಿನ ಕೋವಿಗಳೇ ಅಡಗಿವೆ. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳು ಅದರ ಲಾಂಛನ. ಫ್ರಾನ್ಸಿನ ಸಾಂತೆತಿಯನ್ನಿನ ದೊಡ್ಡ ಕಾರ್ಖಾನೆಯು ಆಯುಧ ಮತ್ತು ಬೈಸಿಕಲ್ ಎಂಬ ಎರಡು ಪದಗಳನ್ನೂ ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿತ್ತು. ಅಮೆರಿಕದ ಐವರ್ ಜಾನ್ಸನ್ ಸಂಸ್ಥೆಯೂ ಹಾಗೆಯೇ.

ಈ ಕೊನೆಯ ಹೆಸರು ಚರಿತ್ರೆಯಲ್ಲಿ ಬೇರೊಂದು ಕಾರಣದಿಂದ ಉಳಿದಿದೆ. 1901ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮೆಕಿನ್ಲಿಯನ್ನು ಕೊಂದವನು ಕೈಗೆ ಕರವಸ್ತ್ರವನ್ನು ಸುತ್ತಿ ಅದರಲ್ಲಿ ಅಡಗಿಸಿದ್ದುದು ಐವರ್ ಜಾನ್ಸನ್ ರಿವಾಲ್ವರನ್ನೇ. ಕಾಲುಶತಮಾನದೊಳಗೆ ಶಾಸನದ ದೃಷ್ಟಿಯು ಬದಲಾಯಿತು. ಹಿಂದೆ ಮರೆಮಾಡುವ ಕ್ರಿಯೆಯು ಅಪರಾಧವಾಗಿತ್ತು. ಈಗ ಮರೆಮಾಡಬಹುದಾದ ವಸ್ತುವೇ ಶಂಕೆಗೆ ಒಳಗಾಯಿತು. ನ್ಯೂಯಾರ್ಕಿನ 1911ರ ಸಲಿವನ್ ಶಾಸನವು ಇದರ ನಿದರ್ಶನ. ಇಂಗ್ಲೆಂಡಿನಲ್ಲಿ 1870ರಿಂದ ಹತ್ತು ಷಿಲಿಂಗು ಕೊಟ್ಟವನು ಕೋವಿಯನ್ನು ಮನೆಯ ಹೊರಗೆ ಒಯ್ಯಬಹುದಾಗಿತ್ತು; ಅದು ತೆರಿಗೆಯೇ ಹೊರತು ಪರೀಕ್ಷೆಯಲ್ಲ. 1903ರ ಪಿಸ್ತೂಲು ಶಾಸನವು ನಳಿಗೆಯನ್ನು ಅಳೆದು, 9 ಅಂಗುಲವನ್ನು ಮೀರದುದರ ಮಾರಾಟವನ್ನು ಕಟ್ಟುಪಾಡಿಗೆ ತಂದಿತು. 1920ರಲ್ಲಿ ಪೋಲೀಸರ ಒಪ್ಪಿಗೆಯ ಪತ್ರವು ಅವಶ್ಯವಾಯಿತು.

ಭರತಖಂಡದಲ್ಲಿ 1878ರ ಆಯುಧಶಾಸನವು ಈ ಗುಪ್ತ-ಪ್ರಕಟ ವಿವಾದಕ್ಕೆ ಹೆಚ್ಚು ಎಡೆಗೊಡಲಿಲ್ಲ. ಲೈಸೆನ್ಸು ಉಂಟೋ ಇಲ್ಲವೋ ಎಂಬುದೇ ಅದರ ಮುಖ್ಯ ಪ್ರಶ್ನೆ. ಸ್ವತಂತ್ರ ಭಾರತದ 1959ರ ಶಾಸನವೂ ಆ ದಾರಿಯನ್ನೇ ಹಿಡಿದಿದೆ. ಕುತೂಹಲಕರವಾದುದು 2016ರ ಆಯುಧ ನಿಯಮಗಳ ವಿಧಿ. ಲೈಸೆನ್ಸುಳ್ಳವನು ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯನ್ನು ಮೈಗೆ ಕಟ್ಟಿದ ಒರೆಯಲ್ಲಿ ಅಥವಾ ಬೆನ್ನುಚೀಲದಂಥದರಲ್ಲಿ ಒಯ್ಯಬೇಕು; ಅದು ಪೂರ್ತಿಯಾಗಿ ಮುಚ್ಚಿರಬೇಕು; ಅವನ ಹತೋಟಿಯಲ್ಲಿಯೂ ಇರಬೇಕು. ಲೂಯಿಸಿಯಾನದಲ್ಲಿ ಹೇಡಿತನವಾಗಿದ್ದುದು ಇಲ್ಲಿ ಕರ್ತವ್ಯವಾಗಿದೆ. ಬೈಸಿಕಲ್ಲಿನ ಹಿಂದಣ ಕ್ಯಾರಿಯರಿಗೆ ಬಿಗಿದ ಚೀಲವು ಸವಾರನ ಹತೋಟಿಯಲ್ಲಿದೆಯೆನ್ನಬಹುದೇ ಎಂಬುದನ್ನು ಈ ವಿಧಿಯ ಮಾತಿನಿಂದಲೇ ನಿರ್ಣಯಿಸುವುದು ಸುಲಭವಲ್ಲ.

ಮೋಟಾರು ಬಂದ ಮೇಲೆ ಟೆಕ್ಸಾಸಿನಲ್ಲಿ ಪ್ರಯಾಣಿಕನ ವಿನಾಯಿತಿಯು ಮೆಲ್ಲಗೆ ಕಾರಿನೊಳಕ್ಕೆ ಸೇರಿತು. ಖಾಸಗಿ ಮೋಟಾರು ವಾಹನದಲ್ಲಿರುವವನನ್ನು, ಕೆಲವು ಷರತ್ತುಗಳ ಮೇಲೆ, ಪ್ರಯಾಣಿಕನೆಂದೇ ಭಾವಿಸಬೇಕೆಂದು 2005ರಲ್ಲಿ ವಿಧಿಸಿದರು. ತನ್ನ ವಾಹನದೊಳಗೆ ಪಿಸ್ತೂಲನ್ನು ಮರೆಯಾಗಿ ಇಟ್ಟುಕೊಳ್ಳಲು ಲೈಸೆನ್ಸು ಬೇಡವೆಂದು 2007ರಲ್ಲಿ ನೇರವಾಗಿಯೇ ಹೇಳಿದರು. ಬೈಸಿಕಲ್ಲಿಗೆ ಮೋಟಾರೂ ಇಲ್ಲ, ಒಳಗೆಂಬುದೂ ಇಲ್ಲ. ಉಕ್ಕಿನ ಗೋಡೆಗಳ ನಡುವೆ ಕುಳಿತವನಿಗೆ ದೊರೆತ ಅನುಕೂಲವು, ಗಾಳಿ ಮಳೆ ನಾಯಿ ಕಳ್ಳರಿಗೆ ಮೈಯೊಡ್ಡಿದವನಿಗೆ ದೊರೆಯಲಿಲ್ಲ. ಹಾದಿಯ ಅಪಾಯವನ್ನು ನೋಡಿ ಕೊಟ್ಟ ವಿನಾಯಿತಿಯು ವಾಹನದ ಬಾಗಿಲನ್ನು ನೋಡಿ ಕೊಡುವುದಾಯಿತು. ಸವಾರನಿಗೆ ಪಿಸ್ತೂಲು ಹಿತವೇ ಎಂಬುದು ಬೇರೆ ಮಾತು. ಶಾಸನದ ತರ್ಕವು ತನ್ನ ಮೂಲವನ್ನು ಮರೆತುದು ಮಾತ್ರ ನಿಸ್ಸಂಶಯ.

ಈ ಹಳೆಯ ಶಾಸನಗಳ ಓದಿಗೆ 2022ರ ಜೂನ್ 23ರಿಂದ ಹೊಸ ಬೆಲೆ ಬಂದಿದೆ. ಆ ದಿನ ಸಂಯುಕ್ತ ಸಂಸ್ಥಾನಗಳ ಪರಮೋಚ್ಚ ನ್ಯಾಯಸ್ಥಾನವು ಬ್ರುಯೆನ್ ಮೊಕದ್ದಮೆಯಲ್ಲಿ, ವಿಶೇಷ ಕಾರಣವನ್ನು ತೋರಿಸಿದವರಿಗೆ ಮಾತ್ರ ಲೈಸೆನ್ಸು ಕೊಡುವ ನ್ಯೂಯಾರ್ಕಿನ ಕ್ರಮವನ್ನು ತಳ್ಳಿಹಾಕಿ, ಇಂದಿನ ನಿರ್ಬಂಧವು ದೇಶದ ಪೂರ್ವಪದ್ಧತಿಗೆ ಹೊಂದಿರಬೇಕೆಂದು ಗೊತ್ತುಮಾಡಿತು. ಹತ್ತೊಂಬತ್ತನೆಯ ಶತಮಾನದ ಗುಪ್ತಾಯುಧ ನಿಷೇಧಗಳು ಬಹಿರಂಗ ಧಾರಣೆಗೆ ಎಡೆಗೊಟ್ಟಿದ್ದುವೆಂದು ಅದು ಎಣಿಸಿತು. ಎರಡನ್ನೂ ತಡೆದ 1871ರ ಟೆಕ್ಸಾಸ್ ಶಾಸನವನ್ನು ಅಪವಾದವೆಂದು ಬದಿಗಿಟ್ಟಿತು. ಹೀಗೆ ಎಣಿಸುವಾಗ ನಿಷೇಧದ ವಾಕ್ಯವನ್ನಷ್ಟೇ ಓದಿ ವಿನಾಯಿತಿಯನ್ನು ಬಿಟ್ಟರೆ ಚಿತ್ರವು ಓರೆಯಾಗುತ್ತದೆ. ಪೇಟೆಯಲ್ಲಿ ಬೇಡ, ಹಾದಿಯಲ್ಲಿ ಇರಲಿ ಎಂಬುದು 1813ರಿಂದಲೂ ಹಲವು ಶಾಸನಕಾರರ ಮನಸ್ಸಿನಲ್ಲಿದ್ದ ಭೇದ. ಗುಪ್ತ-ಪ್ರಕಟ ಭೇದಕ್ಕಿಂತ ಅದು ಕಡಮೆ ಹಳೆಯದಲ್ಲ.

ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಬೇರೆ ಕಾರಣದಿಂದ ಅನರ್ಹನಲ್ಲದ 21 ವರ್ಷದವನಿಗೆ ಲೈಸೆನ್ಸಿನ ಅವಶ್ಯಕತೆ ತಪ್ಪಿತು. ಕಾಣುವಂತೆ ಒಯ್ದರೆ ಒರೆಯಲ್ಲಿರಬೇಕೆಂಬ ಕಟ್ಟಳೆಯುಂಟು. ಬೈಸಿಕಲ್ ಸವಾರನೂ ಇದರೊಳಗೆ ಬಂದನು. ಅಲ್ಲಿನ ದಂಡಸಂಹಿತೆಯಲ್ಲಿ ಜೀನು ಹಸುಬೆಗಳ ಹೆಸರು ಈಗಿಲ್ಲ. ಮೈಮೇಲೆ ಅಥವಾ ಮೈಯ ಹತ್ತಿರ ಎಂಬ ಹಳೆಯ ಮಾತು ಮಾತ್ರ ಉಳಿದಿದೆ.